ಐದನೆಯ ಬಾದಾಮಿ

ಹೋದ ತಿಂಗಳು ಒಂದು ರಾತ್ರಿ ಊಟಕ್ಕೆ ಕೂತಾಗ, ಇನ್ನು ಮೇಲೆ ತಾನು ಭಾರ ಎತ್ತುವುದಾಗಿ ಮೊಮ್ಮಗಳು ಹೇಳಿದಳು. ಅವಳಿಗೆ ಹನ್ನೆರಡು ವರ್ಷ. ಬ್ಯಾಡ್ಮಿಂಟನ್ ಆಡುತ್ತಾಳೆ. ವಾರಕ್ಕೆ ಎರಡು ದಿನ 'ಸ್ಟ್ರೆಂತ್ ಟ್ರೈನಿಂಗ್' ಮಾಡಬೇಕು ಅಂತ ಕೋಚು ಹೇಳಿದ್ದಾರಂತೆ. ಸಾರು ಬಡಿಸುತ್ತಿದ್ದ ನನ್ನ ಮಗಳ ಸೌಟು ಪಾತ್ರೆಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು.

"ಏನೂ ಬೇಡ. ಈ ವಯಸ್ಸಲ್ಲಿ ಭಾರ ಎತ್ತಿದ್ರೆ ಕುಳ್ಳಿ ಆಗ್ಬಿಡ್ತೀಯ."

ನನಗೆ ಅನ್ನ ನೆತ್ತಿಗೆ ಹತ್ತಿತು. ಕಂಪ್ಯೂಟರ್ ಓದಿ, ದಿನಕ್ಕೆ ಎರಡು ಸಲ ಅಮೆರಿಕದವರ ಜೊತೆ ಮಾತಾಡುವ ನನ್ನ ಮಗಳ ಬಾಯಿಂದ, 1966ರಲ್ಲಿ ಮೈಸೂರಿನ ನಮ್ಮ ಅಡುಗೆಮನೆಯಲ್ಲಿ ಅಜ್ಜಿ ಆಡಿದ ಮಾತೇ ಹೊರಬಿದ್ದಿತ್ತು. ಆಗ ಕುಳ್ಳ, ಈಗ ಕುಳ್ಳಿ. ವ್ಯಾಕರಣದ ವ್ಯತ್ಯಾಸ ಬಿಟ್ಟರೆ ಮತ್ತೇನೂ ಬದಲಾಗಿರಲಿಲ್ಲ.

ಆಗ ನನಗೆ ಹನ್ನೊಂದು. ಚಡ್ಡಿಗೆ ಗುಂಡಿ ಹಾಕಿದ್ದರೂ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಓಡಬೇಕಾಗಿದ್ದಂಥ ಮೈಕಟ್ಟು. ದಸರಾ ಹತ್ತಿರವಾದರೆ ಊರಿನ ಗೋಡೆಗಳ ತುಂಬ ಕುಸ್ತಿಯ ಪೋಸ್ಟರುಗಳು. ಹೆಗಲ ಮೇಲೆ ಗದೆ ಹೊತ್ತ ಪೈಲ್ವಾನರು, ಕತ್ತು ಇರಬೇಕಾದ ಜಾಗದಲ್ಲೂ ತೋಳೇ ಇದ್ದವರಂತೆ ಎದೆಯುಬ್ಬಿಸಿ ನಿಂತಿರುತ್ತಿದ್ದರು. ಶಾಲೆಗೆ ಹೋಗುವ ದಾರಿಯಲ್ಲಿ ನಾನು ಆ ಪೋಸ್ಟರುಗಳ ಮುಂದೆ ನಿಂತು ಹೊತ್ತು ಕಳೆಯುವುದನ್ನು ಅಪ್ಪ ಒಂದು ದಿನ ಕಂಡರು. ಬೈಯಲಿಲ್ಲ. ನನ್ನ ತೋಳನ್ನು ಹೆಬ್ಬೆಟ್ಟು ತೋರುಬೆರಳುಗಳ ನಡುವೆ ಹಿಡಿದು, ಎರಡೂ ಬೆರಳು ಸಲೀಸಾಗಿ ಕೂಡಿದ್ದನ್ನು ನೋಡಿ, "ಇವನನ್ನ ಗರಡಿಗೆ ಹಾಕ್ತೀನಿ" ಅಂದರು.

ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಗರಡಿಗೆ ಹೋದವರು ರೌಡಿಗಳಾಗುತ್ತಾರೆ ಅನ್ನುವುದು ಅಮ್ಮನ ಆತಂಕ. ಅದಕ್ಕೆ ಅಪ್ಪ ಕಪಾಟಿನಿಂದ 'ಶಾಂತಲಾ' ಕಾದಂಬರಿಯನ್ನೇ ತೆಗೆದು ಮುಂದಿಟ್ಟರು. "ಇದನ್ನ ಬರೆದ ಕೆ.ವಿ. ಅಯ್ಯರ್ ಯಾರು ಗೊತ್ತಾ? ಬೆಂಗಳೂರಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸೋರು. ಮೈ ಬೆಳೆಸೋದು ಹೇಗೆ ಅಂತ ಇಂಗ್ಲಿಷಲ್ಲೂ ಪುಸ್ತಕ ಬರೆದಿದ್ದಾರೆ." ಆ ಕಾದಂಬರಿ ಓದಿ ಕಣ್ಣೊರೆಸಿಕೊಂಡಿದ್ದ ಅಮ್ಮ ಸುಮ್ಮನಾದರು. ಅಜ್ಜಿ ಮಾತ್ರ ಸುಮ್ಮನಾಗಲಿಲ್ಲ. "ಎಳೇ ಮೂಳೆ ಕಣೋ, ಕುಗ್ಗಿಹೋಗತ್ತೆ" ಅನ್ನುವುದು ಅವರ ಪಟ್ಟು. ಕೂಸಾಗಿದ್ದ ಭೀಮ ಕುಂತಿಯ ತೊಡೆಯಿಂದ ಬಂಡೆಯ ಮೇಲೆ ಬಿದ್ದು ಬಂಡೆಯೇ ಪುಡಿಯಾಯಿತು ಅನ್ನುವ ಕಥೆಯನ್ನು ನಮಗೆ ಹತ್ತಾರು ಸಲ ಹೇಳಿದವರೂ ಅವರೇ. "ಅವನೇನು ಕುಳ್ಳ ಆದನೇ ಅಜ್ಜಿ?" ಅಂತ ಕೇಳಿದೆ. "ಅವನು ವಾಯುದೇವರ ಮಗ. ನೀನು ಗುಮಾಸ್ತನ ಮಗ" ಅಂದರು.

ಆದರೂ ಹೋದೆ. ಗರಡಿಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಅರೆಗತ್ತಲು, ಆಂಜನೇಯನ ಪಟದ ಮುಂದೆ ಒಂದು ದೀಪ, ನಡುವೆ ಕೆಮ್ಮಣ್ಣಿನ ಅಖಾಡ. ಮೂಲೆಯಲ್ಲಿ ಗದೆಗಳು, ಕಲ್ಲಿನ ಗುಂಡುಗಳು, ಕೊರಳಿಗೆ ಹಾಕಿಕೊಂಡು ಬಸ್ಕಿ ಹೊಡೆಯುವ ಕಲ್ಲಿನ ಚಕ್ರ. ನನ್ನ ಕಣ್ಣು ನೇರ ಗದೆಯ ಮೇಲೆ ಹೋಯಿತು. ಉಸ್ತಾದರ ಕೈ ನೇರ ನನ್ನ ಕಿವಿಗೆ ಬಂತು. "ಏ ಮರಿ, ಮೊದಲು ನಿನ್ನ ಮೈ ನೀನು ಎತ್ತು. ಆಮೇಲೆ ಅದು."

ಉಸ್ತಾದರು ಹಗಲು ಸಂತೇಪೇಟೆಯಲ್ಲಿ ಅಕ್ಕಿ ಮೂಟೆ ಇಳಿಸುವವರು. ಮೂಟೆ ಹೊತ್ತು ಹೊತ್ತು ಮಾತನ್ನೂ ತೂಕ ಹಾಕಿ ಆಡುತ್ತಿದ್ದರು. ಮೊದಲ ತಿಂಗಳು ನಮಗೆ ಸಾಮೂ ಇಲ್ಲ, ಪಟ್ಟೂ ಇಲ್ಲ. ಬೆಳಗಿನ ಐದೂವರೆಗೆ ಹೋಗಿ ಮಣ್ಣು ಅಗೆದು ಸಡಿಲ ಮಾಡಬೇಕು, ನೀರು ಚಿಮುಕಿಸಬೇಕು, ಕಲ್ಲು ಹರಳು ಆರಿಸಬೇಕು. ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಕಲಸುವ ದಿನ ನಮಗೆ ಹಬ್ಬ. ಎರಡನೆಯ ತಿಂಗಳಿಂದ ಐದು ದಂಡ, ಹತ್ತು ಬಸ್ಕಿ. ಬೆನ್ನು ಡೊಂಕಾದರೆ ಆ ದಂಡ ಲೆಕ್ಕಕ್ಕಿಲ್ಲ. ಅವಸರ ಮಾಡಿದರೆ ಮತ್ತೆ ಒಂದರಿಂದ. ಇದೆಲ್ಲ ನನ್ನಿಂದ ಪುಕ್ಕಟೆ ಕೂಲಿ ಮಾಡಿಸಿಕೊಳ್ಳುವ ಉಪಾಯ ಅಂತಲೇ ನಾನು ಬಹಳ ದಿನ ನಂಬಿದ್ದೆ.

ನನಗೆ ಬೇಕಾಗಿದ್ದದ್ದು ತೋಳು. ಒಂದು ಗೇಣು ನೂಲಿನ ದಾರಕ್ಕೆ ನನ್ನ ತೋಳಿನ ಸುತ್ತಳತೆ ಹಿಡಿದು ಗಂಟು ಹಾಕಿಟ್ಟುಕೊಂಡಿದ್ದೆ. ಪ್ರತಿ ಭಾನುವಾರ ಎಣ್ಣೆನೀರಿಗೆ ಮುಂಚೆ ಅಳತೆ. ವಾರ ಕಳೆಯಿತು, ತಿಂಗಳು ಕಳೆಯಿತು, ಗಂಟು ತನ್ನ ಜಾಗ ಬಿಟ್ಟು ಕದಲಲಿಲ್ಲ. ಮೂರನೆಯ ತಿಂಗಳು ಒಂದು ಭಾನುವಾರ ಇದ್ದಕ್ಕಿದ್ದಂತೆ ದಾರ ಸಾಲದೆ ಬಂತು! ಒಂದು ವಾರ ಪೂರ್ತಿ ನಾನು ಬೀದಿಯಲ್ಲಿ ಎರಡೂ ತೋಳನ್ನು ಮೈಗೆ ತಾಗಿಸದೆ, ಕಂಕುಳಲ್ಲಿ ಕುರು ಎದ್ದವನ ಹಾಗೆ ಓಡಾಡಿದೆ. ಆಮೇಲೆ ಅಕ್ಕ ಹೇಳಿದಳು, ದಾರ ನನ್ನ ಅಂಗಿಯ ಜೇಬಿನಲ್ಲೇ ಉಳಿದು ಒಗೆಯುವ ನೀರಿಗೆ ಬಿದ್ದಿತ್ತಂತೆ. ತೋಳು ಬೆಳೆದಿರಲಿಲ್ಲ, ದಾರ ಕುಗ್ಗಿತ್ತು. ಅಜ್ಜಿ ಹೇಳಿದಂತೆ ಕೊನೆಗೂ ಏನೋ ಒಂದು ಕುಗ್ಗಿತಲ್ಲ.

ಗರಡಿಗೆ ಹೋಗುವ ಹುಡುಗ ಅಂತ ನನಗೆ ಐದು ಬಾದಾಮಿ ಮಂಜೂರಾಗಿತ್ತು. ಗುಮಾಸ್ತರ ಮನೆಯಲ್ಲಿ ಬಾದಾಮಿ ಅಂದರೆ ಸಾಮಾನ್ಯವಲ್ಲ. ಅಜ್ಜಿ ರಾತ್ರಿ ಎಣಿಸಿ ಹಿತ್ತಾಳೆ ಲೋಟದಲ್ಲಿ ನೆನೆಹಾಕುವರು. ಬೆಳಗ್ಗೆ ಸಿಪ್ಪೆ ಸುಲಿದು ಬಟ್ಟಲಲ್ಲಿಡುವ ಕೆಲಸ ಅಕ್ಕನದು. ಒಂದೊಂದು ದಿನ ಬಟ್ಟಲಲ್ಲಿ ನಾಲ್ಕೇ ಇರುತ್ತಿದ್ದವು. ಸುಲಿದವರು ಯಾರು, ತಿಂದವರು ಯಾರು ಅಂತ ತೀರ್ಮಾನಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಮ್ಮನಿಗೆ ದೂರು ಹೇಳಿದೆ. ಅಮ್ಮ ಅಕ್ಕನ ತಲೆಗೆ ಮೊಟಕಿದರು. ಅಕ್ಕ ತಲೆ ಸವರಿಕೊಂಡು, ಏನೂ ಹೇಳದೆ, ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಅಕ್ಕನಿಗೆ ಆಗ ಹದಿನಾಲ್ಕು. ಹಿತ್ತಲ ಬಾವಿಯಿಂದ ನೀರು ಸೇದಿ ಬಚ್ಚಲ ಹಂಡೆ, ಅಡುಗೆಮನೆಯ ಗುಡಾಣ ಎಲ್ಲ ತುಂಬುವುದು ಅವಳ ಪಾಲಿಗೆ ಬಂದಿತ್ತು. ನಾನು ಗರಡಿಯಿಂದ ಬೆವರು ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ರಾಟೆಯ ಕಿರಕಿರ ಸದ್ದು. ಹಗ್ಗದ ಮೇಲೆ ಒಂದು ಕೈಯ ಮುಂದೆ ಇನ್ನೊಂದು ಕೈ, ಸೊಂಟದ ಮೇಲೆ ಕೊಡ, ಒದ್ದೆ ಕಾಲಿನ ಗುರುತು ಬಾವಿಯಿಂದ ಬಚ್ಚಲಿಗೆ. ನನ್ನ ಬೆವರಿಗೆ ಬಾದಾಮಿ ಇತ್ತು. ಅವಳ ಬೆವರನ್ನು ಯಾರೂ ಬೆವರು ಅನ್ನುತ್ತಿರಲಿಲ್ಲ. "ನೀರು ಚೆಲ್ಲಿಕೊಂಡಿದ್ದೀಯಲ್ಲೇ, ಬಟ್ಟೆ ಬದಲಾಯಿಸು" ಅನ್ನುತ್ತಿದ್ದರು.

ನಾಲ್ಕು ತಿಂಗಳಾದ ಮೇಲೆ ನನ್ನ ಬಲವನ್ನು ಎಲ್ಲಾದರೂ ಪರೀಕ್ಷಿಸಬೇಕಾಯಿತು. ಗರಡಿಯಲ್ಲಿ ಸೋಲುವುದು ಖಚಿತ. ಮನೆಯಲ್ಲಿ ಗೆಲ್ಲೋಣವೆಂದು ಅಕ್ಕನನ್ನು ಕೈ ಬಗ್ಗಿಸುವ ಪಂದ್ಯಕ್ಕೆ ಕರೆದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. "ಬಲಗೈ ತುಂಬ ಬೂದಿ ಕಣೋ, ಎಡಗೈ ಸಾಕಲ್ಲ?" ಅಂತ ಎಡಗೈ ನೀಡಿದಳು. ನಾನು ಜೈ ಭಜರಂಗಬಲಿ ಅಂದೆ. ಬಲಿ ಅನ್ನುವಷ್ಟರಲ್ಲಿ ನನ್ನ ಮುಂಗೈ ನೆಲ ಮುಟ್ಟಿತ್ತು. ಅವಳು ಮತ್ತೆ ಪಾತ್ರೆ ಕಡೆ ತಿರುಗಿದಳು. ಗೆದ್ದೆ ಅಂತ ಹೇಳಲಿಲ್ಲ, ಯಾರಿಗೂ ಸಾರಲಿಲ್ಲ. ಅದು ಅವಳಿಗೆ ತೊಳೆದಿಟ್ಟ ಇನ್ನೊಂದು ಪಾತ್ರೆ.

ಅವಳು ನನ್ನನ್ನು ಕೇಳಿದ್ದು ಒಂದೇ ಒಂದು. "ಗರಡಿ ಒಳಗೆ ಹೇಗಿರತ್ತೋ?" ಹೆಂಗಸರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಮರುದಿನ ಚಡ್ಡಿಯ ಜೇಬಿನಲ್ಲಿ ಒಂದು ಹಿಡಿ ಅಖಾಡದ ಮಣ್ಣು ಕದ್ದು ತಂದೆ. ಅಕ್ಕ ಅದನ್ನು ಅಂಗೈಲಿ ಹಾಕಿಕೊಂಡು ಮೂಗಿಗೆ ಹಿಡಿದಳು. ಏನೋ ದೊಡ್ಡ ರಹಸ್ಯ ತಿಳಿಯುತ್ತದೆ ಅಂದುಕೊಂಡಿದ್ದಳೇನೋ, ಮುಖ ಸಪ್ಪಗಾಯಿತು. "ಅಯ್ಯೋ, ಇದು ನಮ್ಮ ಅಡುಗೆಮನೆ ವಾಸನೆ ಕಣೋ" ಅಂದಳು. ನಿಜ. ಮಜ್ಜಿಗೆ, ಅರಿಸಿನ, ನಿಂಬೆ, ಎಣ್ಣೆ. ಮಣ್ಣನ್ನು ತುಳಸಿಕಟ್ಟೆಗೆ ಹಾಕಿ ಕೈ ಕೊಡವಿದಳು.

ಆರು ತಿಂಗಳಿಗೆ ನಾನು ಗರಡಿ ಬಿಟ್ಟೆ. ಕಾರಣ ಆ ದಾರವೇ. ಹೊಸ ದಾರದಲ್ಲೂ ಗಂಟು ಜರುಗಲಿಲ್ಲ. ಉಸ್ತಾದರು ಮನೆಯ ಬಾಗಿಲವರೆಗೂ ಬಂದು, "ತೋಳು ನೋಡಬೇಡ ಮರಿ, ಈಗ ಎಷ್ಟು ದಂಡ ಹೊಡೀತೀಯ ನೋಡು" ಅಂದರು. ಐದರಿಂದ ನಲವತ್ತಕ್ಕೆ ಬಂದಿದ್ದೆ. ಆದರೆ ನಲವತ್ತು ದಂಡವನ್ನು ಅಂಗಿಯ ತೋಳು ಮಡಿಚಿ ತೋರಿಸುವುದು ಹೇಗೆ? ಬಾದಾಮಿ ನಿಂತಿತು. ಬಾವಿಯ ರಾಟೆ ನಿಲ್ಲಲಿಲ್ಲ.

ಆಮೇಲೆ ನನ್ನ ವ್ಯಾಯಾಮವೆಲ್ಲ ಶಾಲೆಯಲ್ಲಿ ನಡೆಯಿತು, ಮೇಷ್ಟರ ಖರ್ಚಿನಲ್ಲಿ. ಮನೆಪಾಠ ಬರೆಯದಿದ್ದರೆ ಕಿವಿ ಹಿಡಿದು ಐವತ್ತು ಬಸ್ಕಿ, ಗಲಾಟೆ ಮಾಡಿದರೆ ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂರುವುದು. ಬುದ್ಧಿವಂತ ಹುಡುಗರ ತೊಡೆ ಕಡ್ಡಿಯಂತೆಯೇ ಉಳಿಯಿತು. ನಮ್ಮ ತರಗತಿಯಲ್ಲಿ ಓಟದಲ್ಲೂ ಕಬಡ್ಡಿಯಲ್ಲೂ ಗೆದ್ದು ಬಂದವರೆಲ್ಲ ಗಣಿತದಲ್ಲಿ ಹಿಂದಿದ್ದವರು. ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

ಮೊಮ್ಮಗಳು ಕುಳ್ಳಿಯಾದಾಳೆಂಬ ಮಗಳ ಭಯ ಹೋಗಲೆಂದು ಈಗ ನಾವು ಮೂರೂ ಜನ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ತಾಳ್ಮೆಯ ಹೆಣ್ಣುಮಗಳು, ಒಂದು ಹಾಳೆಯ ಮೇಲೆ ಮೂಳೆಯ ಚಿತ್ರ ಬರೆದು ತೋರಿಸಿದರು. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಮೆತ್ತಗಿನ ಒಂದು ಪದರ ಇರುತ್ತದೆ, ಎತ್ತರ ಬರುವುದು ಅಲ್ಲಿಂದ. ಆ ಪದರಕ್ಕೆ ಪೆಟ್ಟಾದರೆ ತೊಂದರೆ, ಅದು ನಿಜ. ಆದರೆ ತಿಳಿದವರ ಕಣ್ಣೆದುರು ಹಗುರ ತೂಕದಲ್ಲಿ ಸರಿಯಾಗಿ ಮಾಡಿದ ಸಾಧನೆಯಿಂದ ಮಕ್ಕಳ ಎತ್ತರ ಕುಂದಿದ್ದು ಕಂಡುಬಂದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲೂ ಇದನ್ನೇ ಹೇಳಿದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು, ವಾರದಲ್ಲಿ ಮೂರು ದಿನವಾದರೂ ಸ್ನಾಯು ಮೂಳೆ ಗಟ್ಟಿಯಾಗುವಂಥದ್ದು ಮಾಡಬೇಕು ಅಂದಿದೆ.

"ಮತ್ತೆ ಭಾರ ಎತ್ತೋರೆಲ್ಲ ಗಿಡ್ಡ ಇರ್ತಾರಲ್ಲ ಡಾಕ್ಟ್ರೇ?" ಅಂತ ಮಗಳು ಕೇಳಿದಳು.

"ಗಿಡ್ಡ ಇರೋರಿಗೆ ಭಾರ ಎತ್ತೋದು ಸಲೀಸು, ಅದಕ್ಕೇ ಅವರು ಆ ಆಟದಲ್ಲಿ ಮುಂದೆ ಬರ್ತಾರೆ. ಬಾಸ್ಕೆಟ್‌ಬಾಲ್ ಆಡಿ ಯಾರೂ ಉದ್ದ ಆಗಲ್ಲ, ಹಾಗೇ ಇದೂ."

ಮಕ್ಕಳಿಗೆ ಗಾಯವಾಗುವುದು ಹೆಚ್ಚಾಗಿ ಮನೆಯಲ್ಲಿ ಅಂತೆ. ದೊಡ್ಡವರು ತಂದಿಟ್ಟು ಮರೆತ ಡಂಬೆಲ್ಲನ್ನು ಆಟಕ್ಕೆ ಎತ್ತಿ ಕಾಲ ಮೇಲೆ ಹಾಕಿಕೊಳ್ಳುತ್ತಾರಂತೆ. ಎಷ್ಟು ಭಾರ ಎತ್ತಬಲ್ಲೆ ಅಂತ ಪಂದ್ಯ ಕಟ್ಟುವುದು ಬೇಡ. ಒಂದು ದಿನ ಮಾಡಿದರೆ ಒಂದು ದಿನ ಬಿಡಬೇಕು. ಮೊದಲು ಬರಿ ಮೈ, ಆಮೇಲೆ ತೂಕ. ಭಂಗಿ ತಪ್ಪದೆ ಹತ್ತಾರು ಸಲ ಎತ್ತಲು ಬಂದ ಮೇಲೆ ಸ್ವಲ್ಪವೇ ಏರಿಸಬೇಕು. ಕೇಳುತ್ತಿದ್ದಂತೆ ನನ್ನ ಕಿವಿ ಬೆಚ್ಚಗಾಯಿತು; ಉಸ್ತಾದರು ಹಿಂಡಿದ್ದ ಕಿವಿ. ಯಾವ ವಯಸ್ಸಿಗೆ ಶುರು ಮಾಡಬಹುದು ಅಂದದ್ದಕ್ಕೆ, ಹೇಳಿದ್ದನ್ನು ಕೇಳಿ ಹಾಗೇ ಮಾಡುವ ಬುದ್ಧಿ ಬಂದರೆ ಸಾಕು, ಏಳೆಂಟಕ್ಕೂ ಆದೀತು ಅಂದರು. ಆ ಲೆಕ್ಕದಲ್ಲಿ ನನಗೆ ನಲವತ್ತಾದರೂ ಅರ್ಹತೆ ಇರಲಿಲ್ಲ.

ಎದ್ದು ಬರುವಾಗ ಡಾಕ್ಟರು ಮೊಮ್ಮಗಳಿಗೆ ಒಂದು ಮಾತು ಹೇಳಿದರು. "ತೋಳು ದಪ್ಪ ಆಗ್ತಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಚಿಕ್ಕವರಲ್ಲಿ ಸ್ನಾಯು ಅಷ್ಟಾಗಿ ಬೆಳೆಯಲ್ಲ. ಇರೋ ಸ್ನಾಯುವನ್ನೇ ಚೆನ್ನಾಗಿ ಬಳಸೋದನ್ನ ನರಗಳು ಕಲಿಯತ್ತೆ. ಅದರಿಂದಲೇ ಬಲ ಬರೋದು."

ನಾನು ಬಾಗಿಲ ಹಿಡಿಕೆ ಹಿಡಿದು ನಿಂತುಬಿಟ್ಟೆ. ಅರವತ್ತು ವರ್ಷ ತಡವಾಗಿ ಬಂದ ಟಪಾಲು ಅದು. ಹಾಗಾದರೆ ಆ ಗಂಟು ಜರುಗದೆ ಇದ್ದದ್ದು ನನ್ನ ಸೋಲಲ್ಲ. ನಲವತ್ತು ದಂಡವೇ ನನ್ನ ಬಲವಾಗಿತ್ತು, ಉಸ್ತಾದರು ಬಾಗಿಲಿಗೆ ಬಂದು ಹೇಳಿದ್ದೂ ಅದನ್ನೇ. "ಬಿಟ್ಟುಬಿಟ್ರೆ ಬಂದ ಬಲ ಕೆಲವೇ ವಾರದಲ್ಲಿ ಇಳಿದುಹೋಗತ್ತೆ" ಅಂತ ಡಾಕ್ಟರು ಹಿಂದಿನಿಂದ ಹೇಳುತ್ತಿದ್ದರು. ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೋದ ವರ್ಷ ಮೈಸೂರಿಗೆ ಹೋದಾಗ ಆ ಗರಡಿಯ ಮುಂದೆ ಹಾದೆ. ಬಾಗಿಲು ಅಷ್ಟೇ ಗಿಡ್ಡ. ನನ್ನ ಸೊಂಟ ಅಷ್ಟು ಬಗ್ಗುವುದಿಲ್ಲವಾದ್ದರಿಂದ ಹೊರಗಿನಿಂದಲೇ ಕೈ ಮುಗಿದು ಬಂದೆ.

ಮೊಮ್ಮಗಳ ತರಬೇತಿ ಶುರುವಾಯಿತು. ಮೊದಲ ದಿನ ಮನೆಗೆ ಬಂದು 'ಸ್ಕ್ವಾಟ್' ಮಾಡಿ ತೋರಿಸಿದಳು. "ನೀನೂ ಮಾಡು ತಾತ" ಅಂದಳು. ನಾನು ಎರಡೂ ಕೈಯಲ್ಲಿ ಕಿವಿ ಹಿಡಿದುಕೊಂಡೆ. "ಕಿವಿ ಯಾಕೆ ತಾತ?" ಅಂತ ಕೇಳಿದಳು. ಅವಳ ಕಾಲದಲ್ಲಿ ಬಸ್ಕಿಗೆ ದುಡ್ಡು ಕೊಟ್ಟು ಹೋಗುತ್ತಾರೆ. ತಪ್ಪು ಮಾಡಿದವರಿಗೆ ಪುಕ್ಕಟೆ ಸಿಗುತ್ತಿತ್ತು ಅಂತ ಹೇಗೆ ಹೇಳಲಿ?

ಅಕ್ಕ ಈಗ ನಮ್ಮ ಮನೆಗೆ ಬಂದಿದ್ದಾಳೆ. ಎಪ್ಪತ್ತು ದಾಟಿದೆ. ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ತೊಡೆಯ ಬಲ ಹೋಗಿದೆ. ದಿನಾ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ಮಾಡಿಸಿ ಅಂತ ಅವಳ ಡಾಕ್ಟರು ಬರೆದುಕೊಟ್ಟಿದ್ದಾರೆ. ಮೊಮ್ಮಗಳೇ ಉಸ್ತಾದ್. ಸಂಜೆ ಆರಕ್ಕೆ ಹಜಾರದಲ್ಲಿ ಗರಡಿ. "ಬೆನ್ನು ನೆಟ್ಟಗೆ ದೊಡ್ಡಜ್ಜಿ. ಉಸಿರು ಕಟ್ಟಬೇಡಿ. ಇದು ಲೆಕ್ಕಕ್ಕಿಲ್ಲ, ಕೈ ಊರಿದ್ರಿ."

ಮೊನ್ನೆ ನಡುವೆ ವಿಶ್ರಾಂತಿಗೆ ಕೂತಾಗ, ಚಿಕ್ಕವಳಿದ್ದಾಗ ನೀವು ಏನು ವ್ಯಾಯಾಮ ಮಾಡ್ತಿದ್ರಿ ಅಂತ ಮೊಮ್ಮಗಳು ಕೇಳಿದಳು. "ನಮಗೆಲ್ಲಿ ವ್ಯಾಯಾಮ, ನಿಮ್ಮ ತಾತ ಹೋಗ್ತಿದ್ದ ಗರಡಿಗೆ" ಅಂದಳು ಅಕ್ಕ. ನಾನು ಬಾವಿಯ ವಿಷಯ ಎತ್ತಿದೆ. ಕೊಡಕ್ಕೆ ಎಷ್ಟು ಹಿಡೀತಿತ್ತು, ದಿನಕ್ಕೆ ಎಷ್ಟು ಕೊಡ ಅಂತ ಹುಡುಗಿ ಫೋನು ತೆಗೆದಳು. ಹನ್ನೆರಡು ಲೀಟರು ನೀರು, ಹಿತ್ತಾಳೆಯ ತೂಕ ಮೂರು ಕಿಲೋ. ದಿನಕ್ಕೆ ಹತ್ತು ಕೊಡ ಅಂದರೂ 150 ಕಿಲೋ. ವರ್ಷಕ್ಕೆ 54,750.

"ರೆಸ್ಟ್ ಡೇ ಇರ್ಲಿಲ್ವಾ ದೊಡ್ಡಜ್ಜಿ? ನಮ್ಮ ಕೋಚ್ ದಿನಾ ಮಾಡೋಕೆ ಬಿಡಲ್ಲ."

"ಇತ್ತಲ್ಲ. ತಿಂಗಳಿಗೆ ಮೂರು ದಿನ ಹೊರಗೆ ಕೂರೋದು. ಬಾವಿ ಕಟ್ಟೆ ಹತ್ತಿರಕ್ಕೇ ಬಿಡ್ತಿರಲಿಲ್ಲ" ಅಂತ ಅಕ್ಕ ಬಾಯಿ ತುಂಬ ನಕ್ಕಳು. ಮೊಮ್ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಅರ್ಥವಾದ ಮೇಲೆ ತಲೆ ತಗ್ಗಿಸಿ ಲೆಕ್ಕ ತಿದ್ದಿದಳು. ಮೂವತ್ತಾರು ದಿನ ಕಳೆದು 49,350. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಆ ರಾತ್ರಿ ನಾನೇ ಐದು ಬಾದಾಮಿ ನೆನೆಹಾಕಿದೆ. ಬೆಳಗ್ಗೆ ನಾನೇ ಸಿಪ್ಪೆ ಸುಲಿದೆ. ಸುಲಿಯುವುದು ಅಂದುಕೊಂಡಷ್ಟು ಸುಲಭವಲ್ಲ, ಒಂದು ಬೆರಳ ಸಂದಿಯಿಂದ ಚಿಮ್ಮಿ ಫ್ರಿಜ್ಜಿನ ಕೆಳಗೆ ಹೋಯಿತು. ಬದಲಿಗೆ ಇನ್ನೊಂದು ಹಾಕಿ ಲೆಕ್ಕ ಸರಿಮಾಡಿ, ಬಟ್ಟಲನ್ನು ಅಕ್ಕನ ಮುಂದಿಟ್ಟೆ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಎಂದೂ ತಿನ್ನದ್ದನ್ನು ತಿನ್ನುವವರ ಹಾಗೆ, ಹುಬ್ಬು ಗಂಟಿಕ್ಕಿಕೊಂಡು.

"ಇಷ್ಟೇನಾ? ಥೂ, ಸಪ್ಪೆ. ಇದಕ್ಕಾ ನೀನು ಅಷ್ಟು ರಂಪ ಮಾಡ್ತಿದ್ದದ್ದು? ಹಸಿ ಕಡಲೆಕಾಯಿ ಇದಕ್ಕಿಂತ ವಾಸಿ ಕಣೋ."

ಅಜ್ಜಿಗೆ ಹಲ್ಲಿರಲಿಲ್ಲ. ಅಮ್ಮ ತನ್ನ ಪಾಲಿನದನ್ನೇ ತಿಂದವರಲ್ಲ. ಅಪ್ಪ ಬೆಳಗ್ಗೆ ಕಾಫಿ ಲೋಟ ಇಡಲು ಅಡುಗೆಮನೆಗೆ ಒಂದು ಸಲ ಬರುತ್ತಿದ್ದರು. ಹೇಳಿಕೊಳ್ಳಲು ಈಗ ಅವರಾರೂ ಇಲ್ಲ.

ಅಕ್ಕ ಬಟ್ಟಲನ್ನು ನನ್ನ ಕಡೆ ತಳ್ಳಿದಳು. ಅದರಲ್ಲಿ ನಾಲ್ಕು ಉಳಿದಿದ್ದವು.